ಸೋಲೋ ಮೇಯರ್ ಇಂಡೊನೇಷ್ಯಾದ ಅಧ್ಯಕ್ಷನಾದದ್ದು ಹೇಗೆ? ಜೋಕೊವಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೋಕೊ ವಿಡೊಡೊ 2014ರಿಂದ 2024ರವರೆಗೆ ಇಂಡೊನೇಷ್ಯಾದ ಅಧ್ಯಕ್ಷರಾಗಿದ್ದರು. ಅದಕ್ಕೂ ಮೊದಲು ಮಧ್ಯ ಜಾವಾದ ಸೋಲೋ ನಗರಕ್ಕೆ ಏಳು ವರ್ಷ ಮೇಯರ್. ಅವರ ಅಧ್ಯಕ್ಷಗಿರಿಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆ ಏಳು ವರ್ಷಗಳನ್ನು ಬಿಟ್ಟು ಉಳಿದದ್ದನ್ನು ಓದಿದರೆ ಅವರು ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಇಲ್ಲಿ ಸೋಲೋಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಜೋಕೊವಿ, ಜೋಕೊ ವಿಡೊಡೊ ಇಬ್ಬರೂ ಒಬ್ಬರೇನಾ?

ಹೌದು. ಪೀಠೋಪಕರಣ ವ್ಯಾಪಾರದ ದಿನಗಳಲ್ಲಿ ಒಬ್ಬ ಫ್ರೆಂಚ್ ಖರೀದಿದಾರ ಇಟ್ಟ ಹೆಸರು ಜೋಕೊವಿ. ಜಾವಾದಲ್ಲಿ ಜೋಕೊ ಎಂಬ ಹೆಸರಿನವರು ಬೀದಿಗೊಬ್ಬರು. ಯಾವ ಜೋಕೊ ಎಂದು ಗೊಂದಲವಾಗದಿರಲಿ ಎಂದು ಆತ ಹಾಗೆ ಕರೆದ, ಮುಂದೆ ಅದೇ ಗಟ್ಟಿಯಾಯಿತು. ಸೋಲೋ ಊರಿನದೂ ಅಷ್ಟೇ: ಸರ್ಕಾರಿ ಕಡತಗಳಲ್ಲಿ ಸುರಕರ್ತ, ಜನರ ಬಾಯಲ್ಲಿ ಸೋಲೋ.

ಅವರ ಹಿನ್ನೆಲೆ ಏನು? ನಿಜಕ್ಕೂ ಬಡ ಕುಟುಂಬವೇ?

1961ರ ಜೂನ್ 21ರಂದು ಸೋಲೋದಲ್ಲಿ ಹುಟ್ಟಿದರು. ತಂದೆ ಮರ ಮತ್ತು ಬಿದಿರು ಮಾರುತ್ತಿದ್ದರು. ನದಿ ದಂಡೆಯ ಬಾಡಿಗೆ ಮನೆಗಳಲ್ಲೇ ಬಾಲ್ಯ ಕಳೆಯಿತು. ಹುಡುಗನಾಗಿದ್ದಾಗ ನಗರಾಡಳಿತ ಆ ಜಾಗ ತೆರವು ಮಾಡಿಸಿ ಕುಟುಂಬವನ್ನು ಎತ್ತಂಗಡಿ ಮಾಡಿತ್ತು. ಮುಂದೆ ಅದೇ ಊರಿನ ಮೇಯರ್ ಆಗಿ ಬೀದಿ ವ್ಯಾಪಾರಿಗಳ ತೆರವಿಗೆ ಕೈ ಹಾಕಬೇಕಾಗಿ ಬಂದಾಗ, ತೆರವಿನ ನೋವು ಅವರಿಗೆ ಯಾರೂ ವಿವರಿಸಿ ಹೇಳಬೇಕಾದ ಸಂಗತಿಯಾಗಿರಲಿಲ್ಲ.

ಹನ್ನೆರಡರ ವಯಸ್ಸಿಗೆ ಮರಗೆಲಸಕ್ಕೆ ಕೈ ಹಚ್ಚಿದರು. ಯೋಗ್ಯಕರ್ತದ ಗಜ ಮದ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಓದಿ 1985ರಲ್ಲಿ ಪದವಿ ಪಡೆದರು. ಸುಮಾತ್ರದ ಅಚೆ ಪ್ರಾಂತ್ಯದಲ್ಲಿ ಸರ್ಕಾರಿ ಕಾಗದ ಕಾರ್ಖಾನೆಯ ಕೆಲಸ ಮಾಡಿ, ಊರಿಗೆ ಮರಳಿ 1988ರಲ್ಲಿ ಸ್ವಂತ ಪೀಠೋಪಕರಣ ಉದ್ಯಮ ತೆರೆದರು. ರಫ್ತು ವ್ಯವಹಾರ ಕುದುರಿತು, ಸ್ಥಿತಿವಂತರಾದರು. ಆದ್ದರಿಂದ ಬಡತನದಲ್ಲಿ ಹುಟ್ಟಿದ್ದು ನಿಜ, ರಾಜಕೀಯಕ್ಕೆ ಬರುವ ಹೊತ್ತಿಗೆ ಬಡವರಾಗಿರಲಿಲ್ಲ ಎಂಬುದೂ ನಿಜ. ಅವರ ಅಭಿಮಾನಿಗಳು ಎರಡನೆಯದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಮೇಯರ್ ಆದದ್ದು ಯಾವಾಗ?

2005ರಲ್ಲಿ. ಆಗ ಅವರು ಪೀಠೋಪಕರಣ ಉದ್ಯಮಿಗಳ ಸಂಘದ ಸೋಲೋ ಘಟಕದ ಅಧ್ಯಕ್ಷರು. ಮಾಜಿ ಅಧ್ಯಕ್ಷೆ ಮೆಗಾವತಿ ಸುಕರ್ಣೋಪುತ್ರಿ ಅವರ ಪಿಡಿಐ-ಪಿ ಪಕ್ಷ ಟಿಕೆಟ್ ಕೊಟ್ಟಿತು. ಉಪಮೇಯರ್ ಸ್ಥಾನಕ್ಕೆ ಜೊತೆಯಾಗಿ ನಿಂತವರು ಪಕ್ಷದ ಸ್ಥಳೀಯ ನಾಯಕ, ಕ್ಯಾಥೊಲಿಕ್ ಸಮುದಾಯದ ಎಫ್.ಎಕ್ಸ್. ಹಾದಿ ರುದ್ಯಾತ್ಮೊ. ಈ ಜೋಡಿ ಗೆದ್ದದ್ದು ಶೇ 36ರಷ್ಟು ಮತ ಪಡೆದು. ಹತ್ತರಲ್ಲಿ ಆರು ಮಂದಿ ಬೇರೆಯವರಿಗೆ ಮತ ಹಾಕಿದ್ದರು. ಐದು ವರ್ಷದ ನಂತರ, 2010ರಲ್ಲಿ, ಅದೇ ಜೋಡಿಗೆ ಬಂದದ್ದು ಶೇ 90 ಮತ. ಈ ಎರಡು ಅಂಕಿಗಳ ನಡುವೆ ಆದದ್ದೇ ಅವರ ನಿಜವಾದ ಬಂಡವಾಳ.

ಒಬ್ಬ ಮೇಯರ್‌ಗೆ ಅಷ್ಟೆಲ್ಲ ಮಾಡುವ ಅಧಿಕಾರ ಇರುತ್ತದೆಯೇ?

ಇಂಡೊನೇಷ್ಯಾದಲ್ಲಿ ಇರುತ್ತದೆ. ಕನ್ನಡದ ಓದುಗರು ಮೊದಲು ಗಮನಿಸಬೇಕಾದದ್ದು ಇದನ್ನೇ. ನಮ್ಮಲ್ಲಿ ಮೇಯರ್‌ನನ್ನು ಪಾಲಿಕೆ ಸದಸ್ಯರು ಆರಿಸುತ್ತಾರೆ, ಕಡತ ಓಡಿಸುವವರು ಸರ್ಕಾರ ನೇಮಿಸಿದ ಆಯುಕ್ತರು. ಅಲ್ಲಿ ಊರಿನ ಮತದಾರರೇ ಮೇಯರ್‌ನನ್ನು ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ಬಜೆಟ್, ಅಧಿಕಾರಿಗಳ ವರ್ಗಾವಣೆ, ಮಾರುಕಟ್ಟೆ, ಶಾಲೆ, ಆಸ್ಪತ್ರೆ ಎಲ್ಲವೂ ಅವರ ಕೈಯಲ್ಲಿ.

ಈ ವ್ಯವಸ್ಥೆ ತುಂಬ ಹಳೆಯದೇನಲ್ಲ. ಸುಹಾರ್ತೊ 32 ವರ್ಷ ದೇಶವನ್ನು ಜಕಾರ್ತದಿಂದಲೇ ಆಳಿದರು. 1998ರಲ್ಲಿ ಅವರು ಕೆಳಗಿಳಿದ ಮೇಲೆ 1999ರ ಕಾಯ್ದೆಗಳು ಜಿಲ್ಲೆ ಮತ್ತು ನಗರಗಳಿಗೆ ಅಧಿಕಾರವನ್ನೂ ಹಣವನ್ನೂ ಹಂಚಿದವು. 2001ರಿಂದ ಅದು ಜಾರಿಗೆ ಬಂತು. 2004ರ ಕಾಯ್ದೆ ಮೇಯರ್‌ಗಳ ನೇರ ಚುನಾವಣೆಗೆ ದಾರಿ ಮಾಡಿತು. ಅಂಥ ಮೊದಲ ಚುನಾವಣೆಗಳು ನಡೆದದ್ದು 2005ರ ಜೂನ್‌ನಲ್ಲಿ, ಜೋಕೊವಿ ಗೆದ್ದದ್ದು ಅದೇ ಮೊದಲ ಸುತ್ತಿನಲ್ಲಿ. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಅವರು ಯಶಸ್ವಿ ಮರದ ವ್ಯಾಪಾರಿಯಾಗಿಯೇ ಉಳಿಯುತ್ತಿದ್ದರು ಎಂದು ನನಗೆ ಅನಿಸುತ್ತದೆ.

2014ರ ಸೆಪ್ಟೆಂಬರ್‌ನಲ್ಲಿ, ಜೋಕೊವಿ ಅಧ್ಯಕ್ಷ ಚುನಾವಣೆ ಗೆದ್ದು ಪ್ರಮಾಣವಚನಕ್ಕೆ ಕಾಯುತ್ತಿದ್ದಾಗ, ಅವಧಿ ಮುಗಿಯುತ್ತಿದ್ದ ಸಂಸತ್ತು ಈ ನೇರ ಚುನಾವಣೆಯನ್ನೇ ರದ್ದು ಮಾಡುವ ಕಾಯ್ದೆ ಪಾಸು ಮಾಡಿತು. ದೇಶದಲ್ಲಿ ಎದ್ದ ಸಿಟ್ಟು ಎಷ್ಟಿತ್ತೆಂದರೆ, ಹೊರಹೋಗುತ್ತಿದ್ದ ಅಧ್ಯಕ್ಷ ಸುಸಿಲೊ ಬಂಬಾಂಗ್ ಯುಧೊಯೊನೊ ತುರ್ತು ಆಜ್ಞೆ ಹೊರಡಿಸಿ ನೇರ ಚುನಾವಣೆಯನ್ನು ಉಳಿಸಬೇಕಾಯಿತು.

ಬಾಂಜಾರ್‌ಸಾರಿ ವ್ಯಾಪಾರಿಗಳ ಸ್ಥಳಾಂತರದ ಕಥೆ ಏನು? ಎಲ್ಲರೂ ಅದನ್ನೇ ಏಕೆ ಹೇಳುತ್ತಾರೆ?

ಏಕೆಂದರೆ ಅವರನ್ನು ಜೋಕೊವಿ ಮಾಡಿದ್ದೇ ಅದು.

ಸೋಲೋದ ಬಾಂಜಾರ್‌ಸಾರಿಯಲ್ಲಿ ಸ್ವಾತಂತ್ರ್ಯ ಹೋರಾಟದ ಸ್ಮಾರಕವಿರುವ ಒಂದು ಉದ್ಯಾನವಿದೆ. 1997-98ರ ಆರ್ಥಿಕ ಕುಸಿತದ ನಂತರ ಕೆಲಸ ಕಳೆದುಕೊಂಡವರು ಅಲ್ಲಿ ಹಳೆ ಸಾಮಾನು, ವಾಹನದ ಬಿಡಿಭಾಗ ಮಾರಲು ಕೂತರು. ಕೂತವರು ಬೇರೂರಿದರು. 2005ರ ಹೊತ್ತಿಗೆ ಅಲ್ಲಿದ್ದವರು 989 ಮಂದಿ. ಉದ್ಯಾನ ಕಾಣದಾಗಿತ್ತು, ರಸ್ತೆ ಕಟ್ಟಿಹೋಗಿತ್ತು. ಅವರನ್ನು ಎಬ್ಬಿಸುವ ಹಿಂದಿನ ಯಾವ ಪ್ರಯತ್ನವೂ ಫಲಿಸಿರಲಿಲ್ಲ. ಬಲವಂತಕ್ಕೆ ಇಳಿದರೆ ಊರಿಗೇ ಬೆಂಕಿ ಹಚ್ಚುತ್ತೇವೆ ಎಂಬ ಬೆದರಿಕೆಯೂ ಇತ್ತು. ಸೋಲೋದಲ್ಲಿ ಅದು ಬರಿಯ ಮಾತಲ್ಲ. 1998ರ ಮೇ ಗಲಭೆಯಲ್ಲಿ ಅಂಗಡಿ ಬೀದಿಗಳು ಸುಟ್ಟಿದ್ದವು. 1999ರ ಅಕ್ಟೋಬರ್‌ನಲ್ಲಿ ಮೆಗಾವತಿಗೆ ಅಧ್ಯಕ್ಷ ಸ್ಥಾನ ಕೈತಪ್ಪಿದಾಗ ನಗರಸಭಾ ಕಟ್ಟಡವನ್ನೇ ಜನ ಸುಟ್ಟಿದ್ದರು.

ಹೊಸ ಮೇಯರ್ ವ್ಯಾಪಾರಿಗಳ ಮುಖಂಡರನ್ನು ತಮ್ಮ ಅಧಿಕೃತ ನಿವಾಸಕ್ಕೆ ಊಟಕ್ಕೆ ಕರೆದರು. ಇವತ್ತು ನಮ್ಮನ್ನು ಎಬ್ಬಿಸುವ ಮಾತು ಬರುತ್ತದೆ ಎಂದು ಅವರು ತಯಾರಾಗಿ ಬಂದರು. ಊಟ ಮುಗಿಯಿತು, ಮಾತು ಬರಲಿಲ್ಲ. ಮತ್ತೆ ಕರೆದರು. ಮತ್ತೆ ಊಟ, ಮತ್ತೆ ಮೌನ. ತಿಂಗಳುಗಳ ಕಾಲ ಹೀಗೇ ಸಾಗಿ, ಜೋಕೊವಿ ಸ್ಥಳಾಂತರದ ವಿಷಯ ಎತ್ತಿದ್ದು 54ನೇ ಊಟದಂದು. ಯಾರೂ ವಿರೋಧಿಸಲಿಲ್ಲ. ಕೇಳಿದ್ದು ಒಂದೇ, ಹೊಸ ಜಾಗಕ್ಕೆ ಗಿರಾಕಿ ಬರುತ್ತಾರೆಂಬ ಖಾತ್ರಿ ಏನು?

ಆ ಪ್ರಶ್ನೆಗೆ ಸಿಕ್ಕ ಉತ್ತರದ ಬಗ್ಗೆ ಕಡಿಮೆ ಜನ ಮಾತನಾಡುತ್ತಾರೆ, ನನ್ನ ಕಣ್ಣಿಗೆ ಊಟಗಳಿಗಿಂತ ಅದೇ ದೊಡ್ಡದು. ಸೆಮಾಂಗ್ಗಿ ಎಂಬಲ್ಲಿ ನೊತೊಹಾರ್ಜೊ ಎಂಬ ಹೊಸ ಮಾರುಕಟ್ಟೆ ಕಟ್ಟಿಸಿದರು. ಮಳಿಗೆ ಉಚಿತ, ಪರವಾನಗಿ ಉಚಿತ, ದಿನಕ್ಕೊಂದಿಷ್ಟು ಸಣ್ಣ ಶುಲ್ಕ ಮಾತ್ರ. ಅಲ್ಲಿಗೆ ಸಾರ್ವಜನಿಕ ವಾಹನದ ಮಾರ್ಗ ಬರುವಂತೆ ಮಾಡಿದರು, ರಸ್ತೆ ಅಗಲಿಸಿದರು, ಸ್ಥಳೀಯ ಟಿವಿ ಮತ್ತು ಪತ್ರಿಕೆಗಳಲ್ಲಿ ಮಾರುಕಟ್ಟೆಯ ಜಾಹೀರಾತು ಕೊಡಿಸಿದರು. ಇಷ್ಟು ಸಿದ್ಧತೆ ಇಲ್ಲದೆ ಬರೀ ಊಟ ಹಾಕಿಸಿದ್ದರೆ ಹೊಟ್ಟೆ ತುಂಬುತ್ತಿತ್ತು, ಉದ್ಯಾನ ಖಾಲಿಯಾಗುತ್ತಿರಲಿಲ್ಲ.

2006ರ ಜುಲೈನಲ್ಲಿ ಸ್ಥಳಾಂತರವಾಯಿತು. ಲಾಠಿ ಇಲ್ಲ, ಬುಲ್ಡೋಜರ್ ಇಲ್ಲ. ವ್ಯಾಪಾರಿಗಳು ಸಾಂಪ್ರದಾಯಿಕ ಉಡುಗೆ ತೊಟ್ಟು, ಶಂಕುವಿನಾಕಾರದ ಅನ್ನದ ರಾಶಿಯಾದ ತುಂಪೆಂಗ್ ಹೊತ್ತು, ಸೋಲೋದ ಹಳೆ ರಾಜಮನೆತನದ ಅರಮನೆಯ ಸೈನಿಕರ ಜೊತೆ ಮೆರವಣಿಗೆಯಲ್ಲಿ ಹೊಸ ಮಾರುಕಟ್ಟೆಗೆ ನಡೆದರು. ಊರವರು ರಸ್ತೆ ಬದಿ ನಿಂತು ನೋಡಿದರು. ಸೋತು ಜಾಗ ಬಿಡುವವರಂತೆ ಅಲ್ಲಿ ಯಾರೂ ತಲೆ ತಗ್ಗಿಸಿ ಹೋಗಲಿಲ್ಲ.

ಸೋಲೋದಲ್ಲಿ ಬೇರೇನು ಮಾಡಿದರು?

ಗುರುತಿನ ಚೀಟಿಗೆ ವಾರಗಟ್ಟಲೆ ಅಲೆಯಬೇಕಿತ್ತು, ಅದನ್ನು ಒಂದು ಗಂಟೆಯ ಕೆಲಸ ಮಾಡಿದರು. ಹೊಸ ಪದ್ಧತಿಗೆ ಒಪ್ಪದೆ ಪಟ್ಟು ಹಿಡಿದ ಬಡಾವಣೆ ಮಟ್ಟದ ಅಧಿಕಾರಿಗಳನ್ನು ಹುದ್ದೆಯಿಂದ ತೆಗೆದರು. ವ್ಯಾಪಾರ ಪರವಾನಗಿಗೆ ಏಕಗವಾಕ್ಷಿ ತಂದರು. ಹಳೆ ಮಾರುಕಟ್ಟೆಗಳನ್ನು ಕೆಡವದೆ ದುರಸ್ತಿ ಮಾಡಿಸಿದರು. ನಗರ ಬಸ್ಸು ಬಂತು, ಮುಖ್ಯ ರಸ್ತೆಯ ನಡುವಿನ ಹಳಿಯ ಮೇಲೆ ಪ್ರವಾಸಿಗರಿಗಾಗಿ ಉಗಿಬಂಡಿ ಓಡಿತು, ಬಾತಿಕ್ ಉತ್ಸವ ಶುರುವಾಯಿತು. ವಿಶ್ವ ಮೇಯರ್ ಪ್ರಶಸ್ತಿಯ 2012ರ ಪಟ್ಟಿಯಲ್ಲಿ ಮೂರನೇ ಸ್ಥಾನ ಬಂತು, ಆ ಹೊತ್ತಿಗೆ ಅವರು ಸೋಲೋ ಬಿಟ್ಟಾಗಿತ್ತು.

ಬ್ಲುಸುಕಾನ್ ಎಂದರೆ?

ಮುನ್ಸೂಚನೆ ಇಲ್ಲದೆ ಸಂತೆ, ಗಲ್ಲಿ, ಕೊಳೆಗೇರಿಗಳಿಗೆ ನುಗ್ಗಿ ಜನರ ಜೊತೆ ನಿಂತು ಮಾತನಾಡುವುದು. ಜೋಕೊವಿಗೆ ಮುಂಚೆಯೂ ಜನನಾಯಕರು ಗಲ್ಲಿಗೆ ಹೋಗಿದ್ದಾರೆ, ಆದರೆ ಇವರು ಅದನ್ನೇ ಆಡಳಿತದ ಕ್ರಮವಾಗಿಸಿದರು. ಮೇಜಿನ ಮೇಲೆ ಬರುವ ವರದಿಯನ್ನು ಅಲ್ಲೇ ಹೋಗಿ ತಾಳೆ ನೋಡುವ ದಾರಿ ಅದು. ಜಕಾರ್ತಕ್ಕೆ ಬಂದ ಮೇಲೆ ಕ್ಯಾಮೆರಾಗಳು ಬೆನ್ನು ಹತ್ತಿದವು. ಅಧ್ಯಕ್ಷರಾದ ಮೇಲೆ ಅಂಗರಕ್ಷಕರು ಸುತ್ತುವರಿದರು. ಹೆಸರು ಉಳಿಯಿತು, ಆದರೆ ಅಧ್ಯಕ್ಷರು ಬರುವುದು ಮೊದಲೇ ಗೊತ್ತಿರುವ ಸಂತೆಯಲ್ಲಿ ಯಾರು ತಾನೇ ಮನಬಿಚ್ಚಿ ದೂರು ಹೇಳುತ್ತಾರೆ?

ಗವರ್ನರ್ ಒಬ್ಬರು ಅವರನ್ನು ಮೂರ್ಖ ಎಂದು ಕರೆದದ್ದು ನಿಜವೇ?

ನಿಜ. ಇಂಡೊನೇಷ್ಯಾದ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಚುನಾವಣೆಯಲ್ಲಿ ಗೆದ್ದು ಪ್ರಾಂತ್ಯ ಆಳುವವರು. 2011ರಲ್ಲಿ ಸೋಲೋದ ಸಾರಿಪೆತೊಜೊ ಎಂಬ ಹಳೆಯ ಮಂಜುಗಡ್ಡೆ ಕಾರ್ಖಾನೆಯ ಜಾಗದಲ್ಲಿ ಮಾಲ್ ಕಟ್ಟಲು ಪ್ರಾಂತ್ಯ ಸರ್ಕಾರ ಹೊರಟಿತು. ಅದು ಪಾರಂಪರಿಕ ಕಟ್ಟಡ, ಮೇಲಾಗಿ ಮಾಲ್ ಬಂದರೆ ಅಕ್ಕಪಕ್ಕದ ಸಾಂಪ್ರದಾಯಿಕ ಮಾರುಕಟ್ಟೆಗಳು ಸೊರಗುತ್ತವೆ ಎಂದು ಜೋಕೊವಿ ಒಪ್ಪಲಿಲ್ಲ. ಮಧ್ಯ ಜಾವಾ ಗವರ್ನರ್ ಬಿಬಿತ್ ವಲುಯೊ, ನಿವೃತ್ತ ಸೇನಾಧಿಕಾರಿ, ಬಹಿರಂಗವಾಗಿ ಮೇಯರ್‌ನನ್ನು ಮೂರ್ಖ ಎಂದರು. ಜೋಕೊವಿ ತಿರುಗಿ ಬೈಯಲಿಲ್ಲ. ಹೌದು, ನಾನಿನ್ನೂ ಕಲಿಯಬೇಕಾದದ್ದು ಬಹಳ ಇದೆ ಎಂಬ ಧಾಟಿಯಲ್ಲಿ ಸುಮ್ಮನಾದರು. ಸಿಟ್ಟಿಗೆದ್ದದ್ದು ಸೋಲೋದ ಜನ. ಮೆತ್ತಗೆ ಮಾತಾಡಿ ಹಟ ಬಿಡದಿರುವ ಈ ಜಾವಾನೀಸ್ ಗುಣದ ಮುಂದೆ ಎದುರಾಳಿಗಳು ಅದೆಷ್ಟು ಸಲ ಎಡವಿದರೋ.

ಎಸೆಮ್ಕಾ ಕಾರಿನ ವಿಷಯ?

2012ರ ಜನವರಿಯಲ್ಲಿ ವೃತ್ತಿಶಿಕ್ಷಣ ಶಾಲೆಯ ಹುಡುಗರು ಜೋಡಿಸಿದ ಎಸೆಮ್ಕಾ ಕಾರನ್ನು ತಮ್ಮ ಅಧಿಕೃತ ವಾಹನವಾಗಿ ಬಳಸುವುದಾಗಿ ಜೋಕೊವಿ ಘೋಷಿಸಿದರು. ಒಂದೇ ವಾರದಲ್ಲಿ ದೇಶವಿಡೀ ಅವರ ಹೆಸರು ಓಡಾಡಿತು. ರಾಷ್ಟ್ರೀಯ ಕಾರಿನ ಕನಸು ಮಾತ್ರ ಕೈಗೂಡಲಿಲ್ಲ. ಬೊಯೊಲಾಲಿಯಲ್ಲಿ ಕಾರ್ಖಾನೆ ಉದ್ಘಾಟನೆಯಾದದ್ದು 2019ರಲ್ಲಿ, ರಸ್ತೆಯಲ್ಲಿ ಆ ಗಾಡಿ ಕಾಣಸಿಗುವುದು ಅಪರೂಪ.

ಐದು ಲಕ್ಷ ಜನರ ಊರಿನ ಮೇಯರ್ ಜಕಾರ್ತ ಗೆದ್ದದ್ದು ಹೇಗೆ?

ರಾಜಧಾನಿ ಜಕಾರ್ತಕ್ಕೆ ಪ್ರಾಂತ್ಯದ ಸ್ಥಾನಮಾನವಿದೆ, ಅದನ್ನು ಆಳುವವರು ಗವರ್ನರ್. 2012ರ ಚುನಾವಣೆಯಲ್ಲಿ ಹಾಲಿ ಗವರ್ನರ್ ಫೌಜಿ ಬೊವೊ ಅವರೇ ಗೆಲ್ಲುತ್ತಾರೆಂದು ಬಹುತೇಕ ಸಮೀಕ್ಷೆಗಳು ಹೇಳಿದ್ದವು. ಚೌಕುಳಿ ಅಂಗಿ ತೊಟ್ಟ ಜೋಕೊವಿ ಗಲ್ಲಿಗಲ್ಲಿ ಸುತ್ತಿದರು. ಜುಲೈನ ಮೊದಲ ಸುತ್ತಿನಲ್ಲಿ ಶೇ 42ಕ್ಕೂ ಹೆಚ್ಚು ಮತ ಪಡೆದು ಮುಂದೆ ನಿಂತರು. ಎರಡನೇ ಸುತ್ತಿಗೆ ಉಳಿದ ಬಹುತೇಕ ಪಕ್ಷಗಳು ಫೌಜಿ ಬೆನ್ನಿಗೆ ನಿಂತವು. ಆದರೂ ಸೆಪ್ಟೆಂಬರ್ 20ರಂದು ಶೇ 53.8 ಮತಗಳೊಂದಿಗೆ ಜೋಕೊವಿ ಗೆದ್ದರು. ಪಕ್ಷಗಳ ಲೆಕ್ಕ ಒಂದು, ಮತದಾರರ ಲೆಕ್ಕ ಇನ್ನೊಂದು.

ಅವರ ಜೊತೆ ಉಪ ಗವರ್ನರ್ ಆಗಿ ಗೆದ್ದವರು ಬಸುಕಿ ತ್ಜಾಹಾಜಾ ಪುರ್ನಾಮಾ, ಎಲ್ಲರಿಗೂ ಅಹೋಕ್. ಚೀನೀ ಮೂಲದ ಕ್ರೈಸ್ತ. ಮುಸ್ಲಿಂ ಬಹುಸಂಖ್ಯೆಯ ರಾಜಧಾನಿಯಲ್ಲಿ ಆ ಆಯ್ಕೆಗೆ ಧೈರ್ಯ ಬೇಕಿತ್ತು. ಅಹೋಕ್‌ರನ್ನು ಕಣಕ್ಕಿಳಿಸಿ, ಪಿಡಿಐ-ಪಿ ಜೊತೆ ಸೇರಿ ಜೋಕೊವಿಯನ್ನು ಬೆಂಬಲಿಸಿದ ಪಕ್ಷ ಗೆರಿಂದ್ರ. ಅದರ ನಾಯಕ ಸುಹಾರ್ತೊ ಅವರ ಮಾಜಿ ಅಳಿಯ, ನಿವೃತ್ತ ಜನರಲ್ ಪ್ರಬೊವೊ ಸುಬಿಯಾಂತೊ. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಜಕಾರ್ತದಲ್ಲಿ ಕೆಲಸ ನಡೆಯಿತೇ?

ಇದ್ದದ್ದು ಎರಡು ವರ್ಷ, ಅದರಲ್ಲಿ ನಡೆದದ್ದು ಕಡಿಮೆಯೇನಲ್ಲ. ಉಚಿತ ಚಿಕಿತ್ಸೆಯ ಕಾರ್ಡು, ಬಡ ಮಕ್ಕಳ ಶಿಕ್ಷಣದ ಕಾರ್ಡು ಬಂದವು. ಚಿಕಿತ್ಸೆಯ ಕಾರ್ಡು ಬಂದ ಕೂಡಲೇ ಆಸ್ಪತ್ರೆಗಳು ತುಂಬಿ ತುಳುಕಿ, ಸಿದ್ಧತೆ ಸಾಲದು ಎಂಬ ಟೀಕೆಯೂ ಬಂತು. ತಾನಾ ಅಬಾಂಗ್ ಬೀದಿಯ ವ್ಯಾಪಾರಿಗಳನ್ನು 2013ರಲ್ಲಿ ಮಾರುಕಟ್ಟೆ ಕಟ್ಟಡದ ಜಿ ಬ್ಲಾಕಿಗೆ ಕಳಿಸಿದರು. ಸೋಲೋದಲ್ಲಿ ಒಲಿದ ಮಂತ್ರ ಇಲ್ಲಿ ಪೂರ್ತಿ ಫಲಿಸಲಿಲ್ಲ. ಮೇಲಿನ ಮಹಡಿಗೆ ಗಿರಾಕಿ ಹತ್ತಲಿಲ್ಲ, ಹಲವರು ಬೀದಿಗೆ ಮರಳಿದರು. ಒಂದು ಕೋಟಿ ಜನರ ನಗರದಲ್ಲಿ 54 ಊಟಗಳಿಗೆ ಸಮಯ ಎಲ್ಲಿಂದ ಬರಬೇಕು?

ದಶಕಗಳಿಂದ ಕಾಗದದ ಮೇಲಿದ್ದ ಮೆಟ್ರೊ ರೈಲಿಗೆ 2013ರ ಅಕ್ಟೋಬರ್‌ನಲ್ಲಿ ಗುದ್ದಲಿ ಬಿತ್ತು, 2019ರ ಮಾರ್ಚ್‌ನಲ್ಲಿ ಓಡಿತು. ಬಡಾವಣೆ ಅಧಿಕಾರಿಗಳನ್ನು ಮುಕ್ತ ಪರೀಕ್ಷೆಯ ಮೂಲಕ ಆರಿಸುವ ಪದ್ಧತಿ ತಂದರು. ಹಾಗೆ ಆಯ್ಕೆಯಾದ ಒಬ್ಬ ಕ್ರೈಸ್ತ ಮಹಿಳೆಯನ್ನು ಧರ್ಮದ ಕಾರಣಕ್ಕೆ ಬದಲಿಸಬೇಕೆಂದು ಲೆಂತೆಂಗ್ ಅಗುಂಗ್‌ನಲ್ಲಿ ಪ್ರತಿಭಟನೆಯಾದಾಗ ಬಗ್ಗಲಿಲ್ಲ. ಜಕಾರ್ತದ ದಿನಗಳಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ನಿರ್ಧಾರ ಅದು.

ಐದು ವರ್ಷಕ್ಕೆಂದು ಗೆದ್ದು ಎರಡೇ ವರ್ಷಕ್ಕೆ ಬಿಟ್ಟು ಹೋದದ್ದು ಸರಿಯೇ?

ಸರಿಯಲ್ಲ ಎಂದೇ ಹೇಳುತ್ತೇನೆ. ಸೋಲೋದ ಎರಡನೇ ಅವಧಿಯನ್ನೂ ಅವರು ಹೀಗೆಯೇ ಅರ್ಧಕ್ಕೆ ಬಿಟ್ಟಿದ್ದರು. ಆದರೆ 2014ರ ಮಾರ್ಚ್‌ನಲ್ಲಿ ಮೆಗಾವತಿ ತಾವು ನಿಲ್ಲದೆ ಜೋಕೊವಿಯ ಹೆಸರು ಘೋಷಿಸಿದಾಗ, ಜನ ಅದನ್ನೇ ಕಾಯುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಎದುರಾಳಿ ಪ್ರಬೊವೊ. ಜುಲೈ 9ರಂದು ಮತದಾನ. ಜೋಕೊವಿ ಮತ್ತು ಅವರ ಉಪಾಧ್ಯಕ್ಷ ಅಭ್ಯರ್ಥಿ ಜೂಸುಫ್ ಕಲ್ಲಾ ಜೋಡಿಗೆ ಶೇ 53.15, ಎದುರಾಳಿಗೆ ಶೇ 46.85. ಪ್ರಬೊವೊ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು, ಅರ್ಜಿ ವಜಾ ಆಯಿತು. ಅಕ್ಟೋಬರ್ 20ರಂದು ಪ್ರಮಾಣವಚನ. ಸೇನೆಯ ಹಿನ್ನೆಲೆಯೂ ಇಲ್ಲದ, ರಾಜಧಾನಿಯ ಗಣ್ಯ ವಲಯಕ್ಕೂ ಸೇರದ ಮೊದಲ ಅಧ್ಯಕ್ಷ ಎಂದು ಜಗತ್ತು ಬರೆಯಿತು.

ಅಧ್ಯಕ್ಷರಾಗಿ ಏನು ಸಾಧಿಸಿದರು?

ಬಂದ ತಿಂಗಳಲ್ಲೇ ಸಬ್ಸಿಡಿ ಕಡಿತ ಮಾಡಿ ಪೆಟ್ರೋಲ್ ಬೆಲೆಯನ್ನು ಲೀಟರಿಗೆ 6,500ರಿಂದ 8,500 ರುಪಿಯಾಕ್ಕೆ ಏರಿಸಿದರು. ಆ ಹಣ ರಸ್ತೆ, ಬಂದರು, ಅಣೆಕಟ್ಟುಗಳಿಗೆ ತಿರುಗಿತು. ಜಕಾರ್ತದಿಂದ ಸುರಬಾಯಾವರೆಗೆ ಹೆದ್ದಾರಿ 2018ರ ಕೊನೆಗೆ ಒಂದಾಯಿತು. ಹಳ್ಳಿಗಳಿಗೆ ನೇರವಾಗಿ ನಿಧಿ ಹೋಗುವ ವ್ಯವಸ್ಥೆ 2015ರಲ್ಲಿ ಶುರುವಾಯಿತು. ಪಾಪುವಾದಲ್ಲಿ ಅಮೆರಿಕದ ಕಂಪನಿಯ ಕೈಯಲ್ಲಿದ್ದ ಫ್ರೀಪೋರ್ಟ್ ಗಣಿಯ ಶೇ 51ರಷ್ಟು ಪಾಲು ದೇಶದ ಕೈಗೆ ಬಂತು. 2020ರಿಂದ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿ, ಸಂಸ್ಕರಣೆ ಇಲ್ಲೇ ಆಗಲಿ ಎಂದರು. ಜಕಾರ್ತ-ಬಾಂಡುಂಗ್ ನಡುವೆ ಆಗ್ನೇಯ ಏಷ್ಯಾದ ಮೊದಲ ಅತಿವೇಗದ ರೈಲು 2023ರಲ್ಲಿ ಓಡಿತು, ಅದರ ಸಾಲದ ಭಾರ ಇನ್ನೂ ಚರ್ಚೆಯಲ್ಲಿದೆ. 2019ರಲ್ಲಿ ಮತ್ತೆ ಪ್ರಬೊವೊ ವಿರುದ್ಧವೇ ನಿಂತು ಶೇ 55.5 ಮತ ಪಡೆದರು.

ಮೇಯರ್ ಆಗಿದ್ದಾಗಿನ ವಿಧಾನ ದೇಶ ಆಳಲು ಒದಗಿತೇ?

ಈ ಪುಟದಲ್ಲಿ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು.

ಒಂದು ಅರ್ಥದಲ್ಲಿ ಒದಗಿತು. ರಸ್ತೆ, ಮಾರುಕಟ್ಟೆ, ಕಾರ್ಡು, ಕಣ್ಣಿಗೆ ಕಾಣುವ ಕೆಲಸ: ಮೇಯರ್ ಒಬ್ಬರ ಮನಸ್ಸು ಓಡುವುದು ಆ ದಿಕ್ಕಿಗೆ. ಅಧ್ಯಕ್ಷರಾದ ಮೇಲೂ ಅವರು ಕಾಮಗಾರಿ ಸ್ಥಳಗಳಿಗೆ ಮತ್ತೆ ಮತ್ತೆ ಹೋಗಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಹತ್ತು ವರ್ಷದ ಕೊನೆಯಲ್ಲೂ ಜನಮೆಚ್ಚುಗೆ ಶೇ 70ರ ಮೇಲಿದ್ದುದಕ್ಕೆ ಇದೇ ಕಾರಣ.

ಆದರೆ ಕಣ್ಣಿಗೆ ಕಾಣದ ಸಂಸ್ಥೆಗಳನ್ನು ಕಾಯುವುದು ಬೇರೆಯೇ ಕೆಲಸ. ನ್ಯಾಯಾಲಯ, ಭ್ರಷ್ಟಾಚಾರ ತಡೆ ಆಯೋಗ, ಸಂಸತ್ತಿನ ವಿರೋಧ ಪಕ್ಷ, ಇವುಗಳಿಗೆ ಉದ್ಘಾಟನೆಯ ರಿಬ್ಬನ್ ಇರುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಭ್ರಷ್ಟಾಚಾರ ತಡೆ ಆಯೋಗ ಕೆಪಿಕೆಯ ಹಲ್ಲು ಕೀಳುವ ತಿದ್ದುಪಡಿ ಪಾಸಾಯಿತು, ವಿದ್ಯಾರ್ಥಿಗಳು ಬೀದಿಗಿಳಿದರು, ಜೋಕೊವಿ ತಡೆಯಲಿಲ್ಲ. ಎರಡು ವರ್ಷದ ನಂತರ ಅದೇ ಆಯೋಗದ 57 ಸಿಬ್ಬಂದಿ, ಹಿರಿಯ ತನಿಖಾಧಿಕಾರಿಗಳೂ ಸೇರಿ, ಒಂದು ಪರೀಕ್ಷೆಯ ನೆಪದಲ್ಲಿ ಹೊರಬಿದ್ದರು. 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ನಡುವೆ, ಕಾರ್ಮಿಕ ಮತ್ತು ಪರಿಸರ ನಿಯಮಗಳನ್ನು ಒಟ್ಟಿಗೇ ಬದಲಿಸಿದ ಬೃಹತ್ ಕಾಯ್ದೆ ಬಂತು. ಸಾಂವಿಧಾನಿಕ ನ್ಯಾಯಾಲಯ ಅದರ ರಚನೆಯ ಪ್ರಕ್ರಿಯೆಯಲ್ಲೇ ದೋಷ ಕಂಡಿತು, ಸರ್ಕಾರ ತುರ್ತು ಆಜ್ಞೆಯ ದಾರಿ ಹಿಡಿಯಿತು. 989 ಬೀದಿ ವ್ಯಾಪಾರಿಗಳ ಮಾತಿಗೆ ತಿಂಗಳುಗಟ್ಟಲೆ ಕಾದ ಮನುಷ್ಯ ಕೋಟ್ಯಂತರ ಕಾರ್ಮಿಕರ ಕಾಯ್ದೆಗೆ ಕಾಯಲಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ಎದುರಾಳಿಯನ್ನು ಊಟಕ್ಕೆ ಕರೆಯುವ ಗುಣವೂ ದೊಡ್ಡ ಮಟ್ಟದಲ್ಲಿ ಬೇರೆ ರೂಪ ತಾಳಿತು. 2019ರಲ್ಲಿ ಸೋತ ಪ್ರಬೊವೊರನ್ನೇ ಕರೆದು ರಕ್ಷಣಾ ಸಚಿವರನ್ನಾಗಿ ಮಾಡಿದರು. ಕಹಿ ಚುನಾವಣೆಯ ನಂತರ ದೇಶ ತಣ್ಣಗಾಯಿತು ಎಂದು ಹಲವರು ಮೆಚ್ಚಿದರು. ಆದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತ ಮೇಲೆ ಪ್ರಶ್ನೆ ಕೇಳಲು ಸಂಸತ್ತಿನಲ್ಲಿ ಉಳಿದವರು ಬೆರಳೆಣಿಕೆಯಷ್ಟು.

ಹೊಸ ರಾಜಧಾನಿ ನುಸಾಂತರಾ ಅವರದೇ ಯೋಜನೆಯೇ?

ರಾಜಧಾನಿಯನ್ನು ಜಾವಾದಿಂದ ಹೊರಗೆ ಒಯ್ಯುವ ಯೋಚನೆ ದೇಶದ ಮೊದಲ ಅಧ್ಯಕ್ಷ ಸುಕರ್ಣೋ ಕಾಲದ್ದು. ಜಾಗ ಗೊತ್ತು ಮಾಡಿ ಕೆಲಸ ಶುರು ಮಾಡಿದ್ದು ಜೋಕೊವಿ. 2019ರಲ್ಲಿ ಬೋರ್ನಿಯೊ ದ್ವೀಪದ ಪೂರ್ವ ಕಾಲಿಮಂತಾನ್ ಎಂದು ಘೋಷಣೆ, 2022ರಲ್ಲಿ ಕಾಯ್ದೆ, 2024ರ ಆಗಸ್ಟ್ 17ರಂದು ಅಲ್ಲೇ ಸ್ವಾತಂತ್ರ್ಯ ದಿನಾಚರಣೆ. ಅಂದಾಜು ವೆಚ್ಚ 466 ಲಕ್ಷ ಕೋಟಿ ರುಪಿಯಾ, ಹೆಚ್ಚಿನ ಪಾಲು ಖಾಸಗಿ ಹೂಡಿಕೆಯಿಂದ ಬರಬೇಕಿತ್ತು. ನಿರೀಕ್ಷಿಸಿದಷ್ಟು ಬರಲಿಲ್ಲ.

ಮಗನನ್ನು ಉಪಾಧ್ಯಕ್ಷನನ್ನಾಗಿ ಮಾಡಿದರು ಎನ್ನುತ್ತಾರಲ್ಲ, ನಡೆದದ್ದೇನು?

ಮೊದಲ ಅವಧಿಯಲ್ಲಿ ಅವರ ಮಕ್ಕಳು ರಾಜಕೀಯದಿಂದ ದೂರವಿದ್ದರು. ಹಿರಿಯ ಮಗ ಗಿಬ್ರಾನ್ ರಾಕಬುಮಿಂಗ್ ರಾಕಾ ಅಡುಗೆ ಗುತ್ತಿಗೆ ಮತ್ತು ಮಾರ್ತಬಾಕ್ ವ್ಯಾಪಾರ ನಡೆಸುತ್ತಿದ್ದರು. ಅಧ್ಯಕ್ಷರ ಮಗ ತಿಂಡಿ ಮಾರುತ್ತಾನೆ ಎಂದು ಜನ ಹೆಮ್ಮೆಪಟ್ಟಿದ್ದರು.

2020ರಲ್ಲಿ ಚಿತ್ರ ಬದಲಾಯಿತು. ಸೋಲೋ ಮೇಯರ್ ಸ್ಥಾನಕ್ಕೆ ಪಿಡಿಐ-ಪಿಯ ನಗರ ಘಟಕ ಆಗಿನ ಉಪಮೇಯರ್ ಅಚ್ಮದ್ ಪುರ್ನೊಮೊ ಹೆಸರು ಕಳಿಸಿತ್ತು. ಪಕ್ಷದ ಕೇಂದ್ರ ನಾಯಕತ್ವ ಗಿಬ್ರಾನ್‌ಗೆ ಟಿಕೆಟ್ ಕೊಟ್ಟಿತು. ಬಹುತೇಕ ಎಲ್ಲ ಪಕ್ಷಗಳೂ ಅವರ ಹಿಂದೆ ನಿಂತವು. ಎದುರಿಗಿದ್ದದ್ದು ಒಬ್ಬ ದರ್ಜಿ, ಪಕ್ಷೇತರ ಅಭ್ಯರ್ಥಿ. ಶೇ 86 ಮತಗಳೊಂದಿಗೆ ಗಿಬ್ರಾನ್ 2021ರ ಫೆಬ್ರವರಿಯಲ್ಲಿ ಅಪ್ಪನ ಹಳೆ ಕುರ್ಚಿಯಲ್ಲಿ ಕೂತರು. ಅದೇ ತಿಂಗಳು ಅಳಿಯ ಬಾಬಿ ನಸುತಿಯೊನ್ ಸುಮಾತ್ರದ ಮೆದಾನ್ ನಗರಕ್ಕೆ ಮೇಯರ್ ಆದರು.

ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಲು 40 ವರ್ಷ ತುಂಬಿರಬೇಕಿತ್ತು. ಗಿಬ್ರಾನ್‌ಗೆ ಆಗ 36. 2023ರ ಅಕ್ಟೋಬರ್ 16ರಂದು ಸಾಂವಿಧಾನಿಕ ನ್ಯಾಯಾಲಯ, ಚುನಾಯಿತ ಪ್ರಾದೇಶಿಕ ಹುದ್ದೆಯಲ್ಲಿ ಇದ್ದವರಿಗೆ ಅಥವಾ ಇರುವವರಿಗೆ ಆ ಮಿತಿ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಪೀಠದ ಮುಖ್ಯಸ್ಥ ಅನ್ವರ್ ಉಸ್ಮಾನ್, ಜೋಕೊವಿಯ ತಂಗಿಯ ಗಂಡ. ಕೆಲವೇ ದಿನಗಳಲ್ಲಿ ಗಿಬ್ರಾನ್ ಪ್ರಬೊವೊ ಅವರ ಉಪಾಧ್ಯಕ್ಷ ಅಭ್ಯರ್ಥಿಯಾದರು. ನವೆಂಬರ್‌ನಲ್ಲಿ ನೈತಿಕ ಮಂಡಳಿ ಅನ್ವರ್ ಉಸ್ಮಾನ್‌ರನ್ನು ಮುಖ್ಯ ನ್ಯಾಯಮೂರ್ತಿ ಸ್ಥಾನದಿಂದ ಇಳಿಸಿತು, ತೀರ್ಪು ಮಾತ್ರ ಹಾಗೇ ಉಳಿಯಿತು. 2024ರ ಫೆಬ್ರವರಿಯಲ್ಲಿ ಪ್ರಬೊವೊ ಮತ್ತು ಗಿಬ್ರಾನ್ ಶೇ 58ಕ್ಕೂ ಹೆಚ್ಚು ಮತ ಪಡೆದು ಗೆದ್ದರು.

ಮತ ಹಾಕಿದ್ದು ಜನರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹಾಕಿದರು, ಅದನ್ನು ಅಲ್ಲಗಳೆಯುವಂತಿಲ್ಲ. ನನ್ನ ತಕರಾರು ಮತದ ಮೇಲಿಲ್ಲ, ಬಾಗಿಲ ಮೇಲಿದೆ. 2005ರಲ್ಲಿ ಸ್ಥಳೀಯ ಚುನಾವಣೆಯ ಬಾಗಿಲು ತೆರೆದದ್ದು ಹೆಸರಿಲ್ಲದ ಮನೆತನದವರೂ ಒಳಗೆ ಬರಲಿ ಎಂದು. ಜೋಕೊವಿ ಬಂದದ್ದು ಆ ಬಾಗಿಲಿನಿಂದ. ಮಗನಿಗಾಗಿ ಅದೇ ಬಾಗಿಲಿನ ಅಳತೆ ಬದಲಾಯಿತು, ಸರದಿಯಲ್ಲಿ ನಿಂತಿದ್ದ ಪುರ್ನೊಮೊ ಅಂಥವರು ಹಿಂದೆ ಸರಿಯಬೇಕಾಯಿತು.

ಪಕ್ಷ ಅವರನ್ನು ಉಚ್ಚಾಟಿಸಿತೇ?

ಹೌದು. ಪಿಡಿಐ-ಪಿ ಆ ಚುನಾವಣೆಯಲ್ಲಿ ಮಧ್ಯ ಜಾವಾದ ಮಾಜಿ ಗವರ್ನರ್ ಗಂಜಾರ್ ಪ್ರನೊವೊರನ್ನು ಕಣಕ್ಕಿಳಿಸಿತ್ತು, ಅವರು ಶೇ 16ರಷ್ಟು ಮತ ಪಡೆದು ಮೂರನೆಯವರಾದರು. 2024ರ ಡಿಸೆಂಬರ್‌ನಲ್ಲಿ ಪಕ್ಷ ಜೋಕೊವಿ, ಗಿಬ್ರಾನ್, ಬಾಬಿ ಮೂವರನ್ನೂ ಹೊರಹಾಕಿತು. ಜೋಕೊವಿ ಪಕ್ಷದ ಕಾರ್ಯಕರ್ತ ಅಷ್ಟೇ ಎಂದು ಮೆಗಾವತಿ ವರ್ಷಗಳಿಂದ ಹೇಳುತ್ತ ಬಂದಿದ್ದರು.

ಅವರ ಪದವಿ ಪ್ರಮಾಣಪತ್ರ ನಕಲಿ ಎಂಬುದು ನಿಜವೇ?

ಗಜ ಮದ ವಿಶ್ವವಿದ್ಯಾಲಯವು ಅವರು ತಮ್ಮ ವಿದ್ಯಾರ್ಥಿ, 1985ರಲ್ಲಿ ಪದವಿ ಪಡೆದವರು ಎಂದು ಸ್ಪಷ್ಟಪಡಿಸಿದೆ. ರಾಷ್ಟ್ರೀಯ ಪೊಲೀಸ್ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಮಾಣಪತ್ರ ಅಸಲಿ ಎಂದು ಪ್ರಕಟಿಸಿತು. ಟೀಕಿಸಲು ಅವರ ಆಡಳಿತದಲ್ಲಿ ಗಂಭೀರ ವಿಷಯಗಳು ಬೇಕಾದಷ್ಟಿವೆ, ಈ ವದಂತಿಯ ಅಗತ್ಯವಿಲ್ಲ.

ಮೇಯರ್ ಸ್ಥಾನದಿಂದ ದೇಶದ ಚುಕ್ಕಾಣಿ ಹಿಡಿದವರು ಬೇರೆ ಯಾರಿದ್ದಾರೆ?

ಪ್ಯಾರಿಸ್‌ನ ಜಾಕ್ ಶಿರಾಕ್, ಇಸ್ತಾಂಬುಲ್‌ನ ಎರ್ಡೊಆನ್, ಫಿಲಿಪ್ಪೀನ್ಸ್‌ನ ದಾವಾವೊದಿಂದ ಬಂದ ಡುಟರ್ಟೆ ಮೊದಲು ನೆನಪಾಗುತ್ತಾರೆ. ಇಂಡೊನೇಷ್ಯಾದಲ್ಲೇ ಸುರಬಾಯಾ ಮೇಯರ್ ಆಗಿದ್ದ ತ್ರಿ ರಿಸ್ಮಾಹರಿನಿ 2020ರಲ್ಲಿ ಸಾಮಾಜಿಕ ಕಲ್ಯಾಣ ಸಚಿವೆಯಾದರು. ಉದ್ಯಾನಗಳನ್ನು ಬೆಳೆಸಿದ, ದೊಡ್ಡ ವೇಶ್ಯಾವಾಟಿಕೆ ಪ್ರದೇಶವೊಂದನ್ನು ಮುಚ್ಚಿಸಿದ ಅವರ ಆಡಳಿತದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.

ಜೋಕೊವಿ ಮತ್ತೆ ಅಧ್ಯಕ್ಷರಾಗಬಹುದೇ?

ಇಲ್ಲ. ಸಂವಿಧಾನ ಐದು ವರ್ಷಗಳ ಎರಡು ಅವಧಿಗೆ ಮಾತ್ರ ಅವಕಾಶ ಕೊಡುತ್ತದೆ. 2024ರ ಅಕ್ಟೋಬರ್ 20ರಂದು ಅಧಿಕಾರ ಹಸ್ತಾಂತರಿಸಿ ಅವರು ಅದೇ ದಿನ ಸೋಲೋಗೆ ಮರಳಿದರು. ಕಿರಿಯ ಮಗ ಕೈಸಾಂಗ್ 2023ರಲ್ಲಿ ಪಿಎಸ್‌ಐ ಪಕ್ಷ ಸೇರಿದ ಎರಡೇ ದಿನಕ್ಕೆ ಅದರ ಅಧ್ಯಕ್ಷರಾದರು, ಅಳಿಯ ಬಾಬಿ 2025ರಿಂದ ಉತ್ತರ ಸುಮಾತ್ರದ ಗವರ್ನರ್. ಮುಂದಿನ ಅಧ್ಯಕ್ಷ ಚುನಾವಣೆ 2029ರಲ್ಲಿ.